ಡಿಪೋದಿಂದ ಉಪ್ಪಿನ ಗೋದಾಮಿನವರೆಗೆ

ಜೂನ್ 9

ದೊಡ್ಡಮ್ಮನಿಗೆ ನಮಸ್ಕಾರ.

ನೀವು ಫೋನ್ ಮಾಡಿದಾಗ ಅಮ್ಮ ರಿಸೀವರನ್ನು ಮೇಜಿನ ಮೇಲೆ ಬೋರಲು ಇಟ್ಟು ಎದ್ದು ಹೋದಳು. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಈಗ ಅವಳು ಯಾರ ಫೋನಿನಲ್ಲೂ ಮಾತಾಡುವುದಿಲ್ಲ. ನಿಮ್ಮದು ಎಂದರೆ ಮೊದಲಿನಿಂದಲೇ ಮಾತಾಡುತ್ತಿರಲಿಲ್ಲ, ಅದು ನಿಮಗೂ ಗೊತ್ತು. ಹಾಗಾಗಿ ನಾನು ರಿಸೀವರ್ ಎತ್ತಿಕೊಂಡಾಗ ನೀವು ಕೇಳಿದಂತೆ ಪತ್ರದಲ್ಲೇ ಎಲ್ಲ ಬರೆಯುತ್ತಿದ್ದೇನೆ.

ಮೇ ಹದಿನೇಳರ ಬೆಳಿಗ್ಗೆ ಹದಿನಾಲ್ಕನೇ ನಂಬರಿನ ಬಸ್ಸು ಗಡಿಯಾರ ಕಂಬದ ಬಳಿ ಬಂದಾಗ ಅಮ್ಮ ನಿಲ್ದಾಣದ ಹೆಸರು ಕೂಗಲು ಬಾಯಿ ತೆರೆದಳಂತೆ. ಹೆಸರು ಬರಲಿಲ್ಲ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಜನ ನಕ್ಕರಂತೆ. ಡ್ರೈವರ್ ಕನ್ನಡಿಯಲ್ಲಿ ಅವಳ ಮುಖ ನೋಡಿ, ಬಸ್ಸನ್ನು ನೇರವಾಗಿ ದೊಡ್ಡಾಸ್ಪತ್ರೆಗೆ ಓಡಿಸಿದ. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೈಕಾಲು ಉಳಿದುಕೊಂಡವು. ಮಾತು ಹೋಯಿತು.

ಪೂರ್ತಿ ಹೋಗಿಲ್ಲ. ಒಂದು ಪದ ಉಳಿದಿದೆ: ‘ಆಮೇಲೆ’. ನೀರು ಬೇಕಾದರೂ ಆಮೇಲೆ, ನಿದ್ದೆ ಬಂದರೂ ಆಮೇಲೆ, ಅಪ್ಪನ ಮೇಲೆ ಸಿಟ್ಟು ಬಂದರೂ ಆಮೇಲೆ. ನಾವು ಹೇಳುವುದೆಲ್ಲ ಅವಳಿಗೆ ಅರ್ಥವಾಗುತ್ತದೆ. ಹೇಳಬೇಕಾದ್ದು ತಲೆಯಲ್ಲಿದೆ, ಬಾಯಿಗೆ ಬರುವುದಿಲ್ಲ. ಮೂರು ದಿನ ಅತ್ತಳು. ನಾಲ್ಕನೇ ದಿನ ಚೀಲದಿಂದ ಡ್ಯೂಟಿ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡಳು. ಒಂದು ಸಲ ಊದಿದರೆ ‘ನಿಲ್ಲಿಸು, ಬೇಡ’. ಎರಡು ಸಲ ಊದಿದರೆ ‘ಸರಿ, ಹೋಗು’. ಅಪ್ಪ ಹೊಲಿಗೆ ಯಂತ್ರದ ಮುಂದಿನಿಂದ, “ನೋಡು, ಮದುವೆಯಾದಾಗಿಂದ ನಡೀತಿರೋದೇ ಇದು, ಈಗ ಸದ್ದು ಬೇರೆ ಬರ್ತಿದೆ ಅಷ್ಟೇ” ಎಂದ. ಅದಕ್ಕೆ ಒಂದು ಸೀಟಿ ಬಿತ್ತು.

ಡಿಸೆಂಬರಿನಲ್ಲಿ ಅವಳು ವೈದ್ಯರ ಮಂಡಳಿಯ ಮುಂದೆ ನಿಲ್ಲಬೇಕು. ಮಾತಾಡಿ ತೋರಿಸಿದರೆ ಮತ್ತೆ ಬಸ್ಸು. ಇಲ್ಲದಿದ್ದರೆ ಡಿಪೋದ ಉಗ್ರಾಣದಲ್ಲಿ ಟೈರುಗಳಿಗೆ ಚೀಟಿ ಅಂಟಿಸುವ ಕೆಲಸ. ಇಪ್ಪತ್ತೆರಡು ವರ್ಷ ಜನರ ನಡುವೆ ನಿಂತವಳು. ಉಗ್ರಾಣ ಎಂಬ ಮಾತು ಕೇಳಿದರೆ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ.

ನಿಘಂಟು ಕಚೇರಿಯಲ್ಲಿ ಮೂವತ್ತೊಂದು ವರ್ಷ ಪದಗಳ ಜೊತೆಗೇ ಇದ್ದವರು ನೀವು. ಏನಾದರೂ ದಾರಿ ಇದ್ದರೆ ಹೇಳಿ. ನಾನು ಬರೆದದ್ದು ಅಮ್ಮನಿಗೆ ಗೊತ್ತಿಲ್ಲ.

ನಿಮ್ಮ
ಗುಬ್ಬಿ


ಜೂನ್ 15

ಗುಬ್ಬಿಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಎರಡು ಸಲ ಓದಿದೆ.

ನಾನು ಕರಡು ತಿದ್ದುವವಳು, ವೈದ್ಯಳಲ್ಲ. ಆದರೂ ಉಚ್ಚಾರಣೆಯ ಬಗ್ಗೆ ಗೊತ್ತಿರುವ ಒಂದೆರಡು ಸಂಗತಿ ಬರೆಯುತ್ತೇನೆ. ನಿಮ್ಮಪ್ಪನ ಹತ್ತಿರ ಒಂದು ಗೇಣು ನೂಲು ಇಸಿದುಕೊಂಡು ಅವಳ ತುಟಿಯ ಮುಂದೆ ಇಳಿಬಿಡು. ‘ಪ’ ಎಂದರೆ ನೂಲು ಅಲುಗಬಾರದು, ‘ಫ’ ಎಂದರೆ ಹಾರಬೇಕು. ‘ಕ’ಕ್ಕೆ ನಿಲ್ಲಬೇಕು, ‘ಖ’ಕ್ಕೆ ಓಡಬೇಕು. ‘ಹ’ ಕಲಿಯಲು ಕನ್ನಡಿ ಸಾಕು. ಸರಿಯಾಗಿ ಅಂದರೆ ಕನ್ನಡಿ ಮಸುಕಾಗುತ್ತದೆ. ಬಾಯಿಗೆ ತಿಳಿಯದ ತಪ್ಪು ಕಣ್ಣಿಗೆ ಕಾಣುತ್ತದೆ. ನಗುತ್ತಾ ಮಾಡಿ, ಪಾಠ ಎಂದು ಹೇಳಬೇಡ. ನನ್ನ ಹೆಸರನ್ನಂತೂ ಹೇಳಲೇಬೇಡ.

ಅವಳು ಊಟ ಸರಿಯಾಗಿ ಮಾಡುತ್ತಾಳೆಯೇ? ಬರೆ.

ದೊಡ್ಡಮ್ಮ


ಜುಲೈ 4

ದೊಡ್ಡಮ್ಮನಿಗೆ ನಮಸ್ಕಾರ.

ನೂಲಿನ ಆಟ ನಡೆಯಿತು. ಹೇಗೆ ಎಂದು ತೋರಿಸಲು ಹೋಗಿ, ‘ಭ’ ಎನ್ನುವ ಮುಂಚೆ ಜೋರಾಗಿ ಉಸಿರೆಳೆದುಕೊಂಡ ಅಪ್ಪ ನೂಲನ್ನೇ ನುಂಗಿದ. ಅವನ ಬೆನ್ನಿಗೆ ಗುದ್ದುತ್ತಾ ಅಮ್ಮ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಆದರೆ ದೊಡ್ಡ ಸುದ್ದಿ ಬೇರೆ ಇದೆ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದಾರೆ. ಪ್ರತಿ ಮಂಗಳವಾರ ಹೋಗುತ್ತೇವೆ. ಅವರು ಚಿಕ್ಕ ಮಕ್ಕಳ ಚಿತ್ರಪುಸ್ತಕ ತೆರೆದು, “ಇದೇನು ಹೇಳಿ? ಮೊ... ಮೊಲ” ಎಂದರು. ಅಮ್ಮ ಪುಸ್ತಕ ಮುಚ್ಚಿ, ಎದ್ದು, ಬಾಗಿಲ ಕಡೆ ನಡೆದಳು. ಆಗ ಮೇಡಂ ನನ್ನನ್ನು ಕೇಳಿದರು: “ನಿಮ್ಮಮ್ಮಂಗೆ ಯಾವುದಾದ್ರೂ ಬಾಯಿಪಾಠ ಇದೆಯಾ? ಒಂದಾದ ಮೇಲೊಂದು ತಾನಾಗೇ ಬರೋ ಥರದ್ದು?” ನಾನು ಯೋಚಿಸಲೇ ಇಲ್ಲ. ಕೈಚೀಲ ಬಡಿದು, “ಡಿಪೋ, ರೈಟ್!” ಎಂದೆ.

ಬಾಗಿಲಲ್ಲೇ ನಿಂತು ಅಮ್ಮ ಕೂಗಿದಳು, ದೊಡ್ಡಮ್ಮ. “ಡಿಪೋ! ಹಳೇ ಅಂಚೆ ಕಚೇರಿ! ಗಡಿಯಾರ ಕಂಬ! ನೀರಿನ ಟ್ಯಾಂಕು! ಹೆಣ್ಮಕ್ಕಳ ಶಾಲೆ! ಬಟ್ಟೆ ಗಿರಣಿ! ಹಾಲಿನ ಡೈರಿ! ಕಬ್ಬಿಣದ ಸೇತುವೆ! ದೊಡ್ಡಾಸ್ಪತ್ರೆ! ಕೋರ್ಟು! ಮೀನು ಮಾರ್ಕೆಟ್ಟು! ಉಪ್ಪಿನ ಗೋದಾಮು, ಕೊನೇ ಸ್ಟಾಪು, ಎಲ್ಲಾ ಇಳೀರಿ!” ಹೊರಗೆ ಕಾಯುತ್ತಿದ್ದ ರೋಗಿಯೊಬ್ಬರು ನಿಜವಾಗಿಯೂ ಎದ್ದು ನಿಂತರು.

ಹನ್ನೆರಡೂ ನಿಲ್ದಾಣ, ಒಂದೂ ತಪ್ಪಿಲ್ಲ. ಮಧ್ಯದಿಂದ ಕೇಳಿದರೆ ಮಾತ್ರ ಒಂದೂ ಬರುವುದಿಲ್ಲ. ಆದರೆ ನಮ್ಮ ಮನೆಗೆ ಬೇಕಾದ ಪದಗಳೆಲ್ಲ ಆ ರಸ್ತೆಯಲ್ಲೇ ಇವೆಯಲ್ಲ! ಈಗ ನೀರು ಬೇಕಾದರೆ ಅಮ್ಮ ಡಿಪೋದಿಂದ ಹೊರಟು ನಾಲ್ಕನೇ ನಿಲ್ದಾಣದಲ್ಲಿ, “ನೀರಿನ... ನೀರು!” ಎಂದು ಇಳಿಯುತ್ತಾಳೆ. ಹಾಲು ಏಳನೆಯದು. ಉಪ್ಪು ಬೇಕಾದರೆ ಮಾತ್ರ ಕಷ್ಟ, ಕೊನೆಯವರೆಗೆ ಹೋಗಬೇಕು. ನಿನ್ನೆ ಊಟದ ಹೊತ್ತಿಗೆ ಅವಳು ಕೋರ್ಟು ದಾಟುವಷ್ಟರಲ್ಲಿ ಸಾರು ಆರಿಹೋಗಿತ್ತು. ಅಪ್ಪ, “ಕಂಡಕ್ಟ್ರೇ, ಉಪ್ಪಿಗೊಂದು ಎಕ್ಸ್‌ಪ್ರೆಸ್ ಬಿಡ್ರೀ” ಎಂದ.

ಊಟ ಚೆನ್ನಾಗಿ ಮಾಡುತ್ತಾಳೆ. ನಿಮ್ಮ ಹೆಸರು ಹೇಳಿಲ್ಲ.

ನಿಮ್ಮ
ಗುಬ್ಬಿ


ಜುಲೈ 20

ಗುಬ್ಬಿ,

ಇದರ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ಆ ಹನ್ನೆರಡು ನಿಲ್ದಾಣಗಳನ್ನೂ ಮನೆಗೆ ಬೇಕಾದ ಇನ್ನೂ ನಲವತ್ತೆಂಟು ಪದಗಳನ್ನೂ ಗಟ್ಟಿ ಕಾಗದದ ಚೀಟಿಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೇನೆ. ಅಂಚು ಕತ್ತರಿಸಿ, ತೂತು ಹಾಕಿ, ದಾರ ಪೋಣಿಸಿ ಕ್ರಮವಾಗಿ ಜೋಡಿಸಿದ್ದೇನೆ. ಬೇಕಾದ ಪದ ತಕ್ಷಣ ಸಿಗುತ್ತದೆ. ಉಪ್ಪಿಗಾಗಿ ಊರು ಸುತ್ತಬೇಕಿಲ್ಲ. ದಿನಕ್ಕೆ ಎರಡು ಸಲ ಮೊದಲಿನಿಂದ ಕೊನೆಯವರೆಗೆ ಓದಿಸು.

ನಾಲ್ಕು ರಾತ್ರಿ ಕುಳಿತು ಮಾಡಿದ್ದು. ಯಾರು ಕಳಿಸಿದ್ದು ಎಂದು ಕೇಳಿದರೆ, ಆಸ್ಪತ್ರೆಯವರು ಎನ್ನು.

ದೊಡ್ಡಮ್ಮ


ಆಗಸ್ಟ್ 6

ದೊಡ್ಡಮ್ಮ,

ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ, ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ. ನಿಮ್ಮ ಚೀಟಿಗಳನ್ನು ಹತ್ತು ದಿನ ಓದಿಸಿದೆ. ಮೊನ್ನೆ ಅಮ್ಮ ನೀರು ಕೇಳಲು ಎಂದಿನಂತೆ ಡಿಪೋದಿಂದ ಹೊರಟಳು. “ಡಿಪೋ! ಹಳೇ...” ಎಂದು ನಿಂತುಬಿಟ್ಟಳು. ಮತ್ತೆ ಹೊರಟಳು. “ಡಿಪೋ! ದೊಡ್ಡಾಸ್ಪತ್ರೆ! ನೀ...” ಮತ್ತೆ ನಿಂತಳು. ರಸ್ತೆಯೇ ಕಳೆದುಹೋಗಿದೆ, ದೊಡ್ಡಮ್ಮ. ಇದ್ದ ಹನ್ನೆರಡೂ ಹೋದವು. ‘ಆಮೇಲೆ’ ವಾಪಸ್ ಬಂದಿದೆ.

ಮಾತು ಕಲಿಸುವ ಮೇಡಂ ಚೀಟಿಗಳ ಕಟ್ಟನ್ನು ತಿರುವಿ ನೋಡಿ, “ಇದನ್ನ ಯಾರು ಜೋಡಿಸಿದ್ದು?” ಎಂದು ಕೇಳಿದರು. ಅಂಚೆ ಕಚೇರಿ, ಆಸ್ಪತ್ರೆ, ಉಪ್ಪು, ಕಬ್ಬಿಣದ ಸೇತುವೆ, ಕೋರ್ಟು, ಗಡಿಯಾರ ಕಂಬ... ನೀವು ಅಕಾರಾದಿಯಾಗಿ ಜೋಡಿಸಿದ್ದೀರಿ! ನನಗೂ ಹೊಳೆಯಲಿಲ್ಲ. ಅಷ್ಟು ಅಚ್ಚುಕಟ್ಟಾಗಿತ್ತು, ಸರಿಯಾಗೇ ಇರಬೇಕು ಎಂದುಕೊಂಡೆ.

ಅಮ್ಮ ಸೀಟಿ ತೆಗೆದಿಟ್ಟಿದ್ದಾಳೆ. ಮಂಡಳಿಗೆ ನಾಲ್ಕು ತಿಂಗಳು ಉಳಿದಿದೆ.

ಗುಬ್ಬಿ


ಆಗಸ್ಟ್ 11

ಗುಬ್ಬಿ,

ತಪ್ಪು ನನ್ನದು, ನಿನ್ನದಲ್ಲ.

ಈ ಪತ್ರವನ್ನು ಅವಳಿಗೆ ಓದಿ ಹೇಳು. ನಾನೇ ಬರೆದದ್ದು ಎಂದು ಹೇಳಿಯೇ ಓದು.

ಮೂವತ್ತೊಂದು ವರ್ಷಗಳಿಂದ ನನ್ನ ಮೇಜಿನ ಮೇಲೆ ಪದಗಳು ಬರುವುದು ಒಂದೇ ಸಾಲಿನಲ್ಲಿ, ‘ಅ’ದಿಂದ ‘ಳ’ದವರೆಗೆ. ಅಡುಗೆಮನೆಯ ಡಬ್ಬಿಗಳೂ ಹಾಗೆಯೇ ನಿಂತಿವೆ. ಪಕ್ಕದ ಮನೆಯವಳು ಸಕ್ಕರೆ ಕೇಳಲು ಬಂದರೆ, “ಕೊನೇ ಸಾಲಿನಲ್ಲಿ ನೋಡಿ” ಎನ್ನುತ್ತೇನೆ. ಅದಕ್ಕಿಂತ ಬೇರೆ ಕ್ರಮ ಇದ್ದೀತು ಎಂದು ಹೊಳೆಯಲೇ ಇಲ್ಲ. ಅವಳ ಪದಗಳು ರಸ್ತೆಯ ಮೇಲೆ ನಿಂತಿದ್ದವು. ನಾನು ಅವನ್ನು ಎತ್ತಿ ಕಪಾಟಿನಲ್ಲಿ ಇಟ್ಟೆ.

ನಿನ್ನೆ ಇಲ್ಲಿಯ ಬಸ್ಸೊಂದರಲ್ಲಿ ಸುಮ್ಮನೆ ಈ ತುದಿಯಿಂದ ಆ ತುದಿಗೆ ಹೋಗಿ ಬಂದೆ. ಕಂಡಕ್ಟರ್ ಕೂಗುವುದನ್ನು ಕಣ್ಣು ಮುಚ್ಚಿ ಕೇಳಿದೆ. ಮೊದಲಾಗಿದ್ದರೆ ಅವನ ಉಚ್ಚಾರಣೆಯಲ್ಲಿ ಆರು ತಪ್ಪು ಎಣಿಸುತ್ತಿದ್ದೆ. ನಿನ್ನೆ ಎಣಿಸಲಿಲ್ಲ. ಎಂಟು ವರ್ಷಗಳ ಹಿಂದೆ ಅವಳಿಗೆ ಉತ್ತಮ ಕಂಡಕ್ಟರ್ ಎಂದು ಸನ್ಮಾನ ಮಾಡಿದ ದಿನ ಮುಂದಿನ ಸಾಲಿನಲ್ಲಿ ಕುಳಿತು ಅವಳ ಭಾಷಣದ ತಪ್ಪುಗಳನ್ನು ಎಣಿಸಿದ್ದೆ. ಎಣಿಸಿದ್ದಷ್ಟೇ ಅಲ್ಲ, ಗಟ್ಟಿಯಾಗಿ ತಿದ್ದಿದೆ. ಸಭೆ ನಕ್ಕಿತು. ಅವಳು ಮಾತನ್ನು ಅರ್ಧಕ್ಕೆ ಬಿಟ್ಟು ಇಳಿದು ಬಂದಳು.

ಆ ಅರ್ಧ ಮಾತು ಏನಿತ್ತು ಎಂದು ನಾನು ಇವತ್ತಿಗೂ ಕೇಳಿಲ್ಲ.

ಚೀಟಿಗಳನ್ನು ಒಲೆಗೆ ಹಾಕು.

ನಿನ್ನ
ದೊಡ್ಡಮ್ಮ


ಆಗಸ್ಟ್ 18

ದೊಡ್ಡಮ್ಮ! ದೊಡ್ಡಮ್ಮ! ದೊಡ್ಡಮ್ಮ!

ಕೂತುಕೊಂಡು ಓದಿ.

ನಿಮ್ಮ ಪತ್ರ ಎಂದೊಡನೆ ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಓದುತ್ತಾ ಹೋದೆ. ಅಪ್ಪ ಯಂತ್ರ ನಿಲ್ಲಿಸಿದ. ಡಬ್ಬಿಗಳ ಮಾತು ಬಂದಾಗ ಅಮ್ಮನ ಭುಜ ಅಲುಗಿತು, ಅಳುತ್ತಿದ್ದಾಳೆ ಎಂದುಕೊಂಡೆ. ‘ಕೊನೇ ಸಾಲಿನಲ್ಲಿ ನೋಡಿ’ ಎಂಬಲ್ಲಿಗೆ ಬಂದಾಗ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಾ ತಿರುಗಿ, ಸ್ಪಷ್ಟವಾಗಿ, ಒಂದೊಂದು ಅಕ್ಷರವೂ ಕೇಳುವಂತೆ ಹೇಳಿದಳು:

“ಪೆದ್ದಿ!”

ಅಪ್ಪ ಕತ್ತರಿ ಕೆಳಗೆ ಹಾಕಿದ. “ಏನಂದೆ? ಇನ್ನೊಂದ್ಸಲ ಅನ್ನು!”

“ಪೆದ್ದಿ. ಪೆದ್ದಿ. ಅಕ್ಕ... ಪೆದ್ದಿ!”

ಯಾವ ನಿಲ್ದಾಣದಲ್ಲೂ ಇಲ್ಲದ ಪದ, ದೊಡ್ಡಮ್ಮ. ಹನ್ನೆರಡರ ಆಚೆಯ ಮೊದಲ ಪದ. ಆಮೇಲೆ ನಾನು ಪತ್ರದ ಉಳಿದ ಭಾಗ ಓದಿದೆ. ಅವಳು ನಗಲಿಲ್ಲ. ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿ ತನ್ನ ಡ್ಯೂಟಿ ಚೀಲದಲ್ಲಿ ಇಟ್ಟುಕೊಂಡಳು. ಸೀಟಿ ಮತ್ತೆ ಕೊರಳಿಗೆ ಬಂದಿದೆ. ಚೀಟಿಗಳನ್ನು ಒಲೆಗೆ ಹಾಕಲು ಬಿಡಲಿಲ್ಲ.

ಗುಬ್ಬಿ


ಆಗಸ್ಟ್ 22

ಗುಬ್ಬಿ,

ನಮ್ಮ ನಿಘಂಟಿನಲ್ಲಿ ‘ಪೆದ್ದಿ’ಗೆ ಮೂರು ಅರ್ಥ ಕೊಟ್ಟಿದ್ದೇವೆ: ದಡ್ಡಿ, ಬುದ್ಧಿಗೇಡಿ, ತಿಳಿವಳಿಕೆ ಇಲ್ಲದವಳು. ಮೂರನ್ನೂ ಇವತ್ತು ಬೆಳಿಗ್ಗೆ ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಮೂರೂ ಸರಿ. ಸಂಪಾದಕರು, “ಏನ್ ಮೇಡಂ, ಇಷ್ಟು ಖುಷಿಯಾಗಿದ್ದೀರಿ?” ಎಂದರು. ನನ್ನ ತಂಗಿ ಬೈದಳು ಎಂದೆ.

ಈಗ ಕೆಲಸ. ಮೊದಲು ರಸ್ತೆ ವಾಪಸ್ ಬರಲಿ. ಕುರ್ಚಿಗಳನ್ನು ಸಾಲಾಗಿ ಇಡಿ, ಅವಳನ್ನು ನಿಲ್ಲಿಸಿ, ನಿಮ್ಮಪ್ಪ ಡ್ರೈವರ್ ಆಗಲಿ. ಕುಳಿತು ಬಾರದ್ದು ನಿಂತರೆ ಬರಬಹುದು. ಅದು ಬಂದ ಮೇಲೆ ಮನೆಯೊಳಗೇ ಹೊಸ ರೂಟ್ ಹಾಕಿ. ಮಂಚದಿಂದ ಹೊರಟು ದಿಂಬು, ಕಿಟಕಿ, ಕನ್ನಡಿ, ಬಾಗಿಲು, ಒಲೆ, ಲೋಟ, ಬಕೆಟ್ಟು, ಕೊನೇ ಸ್ಟಾಪು ಚಪ್ಪಲಿ. ಪದ ಎಲ್ಲಿದೆಯೋ ಅಲ್ಲೇ ಚೀಟಿ ಅಂಟಿಸಿ. ನಾನು ಜೋಡಿಸುವುದಿಲ್ಲ. ಅವಳೇ ಜೋಡಿಸಲಿ.

ಇನ್ನೊಂದು ಆಟ. ಒಂದು ಪದದ ಕೊನೆಯ ಅಕ್ಷರ ಹಿಡಿದು ಇನ್ನೊಂದು ಪದ ಹತ್ತಿಸುವುದು. ಹಾಲು, ಲುಂಗಿ, ಗಿಡ, ಡಬ್ಬಿ, ಬಿಸಿಲು... ಹೀಗೆ. ಸೋತವರು ಪಾತ್ರೆ ತೊಳೆಯಬೇಕು.

ಪೆದ್ದಿ ದೊಡ್ಡಮ್ಮ


ಅಕ್ಟೋಬರ್ 2

ದೊಡ್ಡಮ್ಮ,

ಬರೆಯಲು ಪುರುಸೊತ್ತೇ ಇಲ್ಲ, ಮನೆ ಬಸ್ ನಿಲ್ದಾಣವಾಗಿದೆ. ನಿಂತ ತಕ್ಷಣ ಹದಿನಾಲ್ಕನೇ ನಂಬರು ಪೂರ್ತಿ ವಾಪಸ್ ಬಂತು, ನೀವು ಹೇಳಿದ್ದು ನಿಜ. ಮನೆಯ ರೂಟೂ ಬಂತು. ಕೊನೇ ಅಕ್ಷರದ ಆಟದಲ್ಲಿ ಅಪ್ಪ ದಿನಾ ಪಾತ್ರೆ ತೊಳೆಯುತ್ತಿದ್ದಾನೆ. ಹಾಲು, ಲುಂಗಿ, ಗಿಡ, ಡಬ್ಬಿ, ಬಿಸಿಲು, ಮತ್ತೆ ಲುಂಗಿ. “ಈ ಬಸ್ಸು ಲುಂಗಿ ಸುತ್ತಾನೇ ಸುತ್ತುತ್ತೆ, ಮುಂದಕ್ಕೇ ಹೋಗಲ್ಲ” ಎಂದು ಗೊಣಗುತ್ತಾನೆ. ಅಮ್ಮ ನಿನ್ನೆ ‘ಲು’ ಬಂದಾಗ ಬಹಳ ಹೊತ್ತು ಯೋಚಿಸಿ, “ಲುಕ್ಸಾನು!” ಎಂದು ಅಪ್ಪನ ಕಡೆ ಬೆರಳು ತೋರಿಸಿದಳು.

ಕಷ್ಟ ಇರುವುದು ಒಂದೇ ಕಡೆ. ಮಧ್ಯದಲ್ಲಿ ಹತ್ತುವವರು. “ಡೈರಿಯಿಂದ ಕೋರ್ಟಿಗೆ ಒಂದು” ಎಂದು ಯಾರಾದರೂ ಕೇಳಿದರೆ ಅವಳು ಬಾಯೊಳಗೇ ಡಿಪೋಗೆ ಹೋಗಿ ಹೊರಟು ಬರಬೇಕು. ತುಟಿ ಅಲುಗುವುದು ಕಾಣುತ್ತದೆ. ಮನೆಯಲ್ಲಿ ನಾವು ಕಾಯುತ್ತೇವೆ. ಮಂಡಳಿ ಕಾಯುತ್ತದೆಯೇ?

ಬೀದಿಯವರೆಲ್ಲ ಸಂಜೆ ಪ್ರಯಾಣಿಕರಾಗಿ ಬರುತ್ತಿದ್ದಾರೆ. ಎದುರು ಮನೆಯ ಅಜ್ಜಿ ದಿನಾ ಬಟ್ಟೆ ಗಿರಣಿಯಲ್ಲಿ ಹತ್ತಿ ಎಲ್ಲಿ ಇಳಿಯಬೇಕೆಂದು ಮರೆತುಬಿಡುತ್ತಾರೆ. ಅಮ್ಮ ಅವರನ್ನು ಕೈಹಿಡಿದು ಇಳಿಸುತ್ತಾಳೆ.

ಗುಬ್ಬಿ


ಡಿಸೆಂಬರ್ 12

ದೊಡ್ಡಮ್ಮ,

ಮುಗಿಯಿತು. ಕ್ರಮವಾಗಿ ಹೇಳುತ್ತೇನೆ.

ಹತ್ತೂವರೆಗೆ ಮಂಡಳಿಯವರು ಡಿಪೋ ಕಚೇರಿಯ ಒಳಗೆ ಕರೆದರು. ಇಬ್ಬರು ವೈದ್ಯರು, ಒಬ್ಬ ಸಾರಿಗೆ ಅಧಿಕಾರಿ. ನನಗೂ ಒಳಗೆ ಕೂರಲು ಬಿಟ್ಟರು. ಉದ್ದ ಮೇಜು, ಆ ಕಡೆ ಮೂರು ಕುರ್ಚಿ, ಈ ಕಡೆ ಒಂದು. ವಯಸ್ಸಾದ ವೈದ್ಯರು ಪೆನ್ನು ಎತ್ತಿ ತೋರಿಸಿ, “ಇದೇನಮ್ಮಾ?” ಎಂದರು. ಪೆನ್ನು ಅಮ್ಮನ ಯಾವ ರೂಟಿನಲ್ಲೂ ಇಲ್ಲ. ಗಡಿಯಾರ ತೋರಿಸಿದರು. ಅವಳ ತುಟಿ ಅಲುಗತೊಡಗಿತು. ಡಿಪೋದಿಂದ ಹೊರಟಿದ್ದಾಳೆ ಎಂದು ನನಗೆ ಗೊತ್ತಾಯಿತು, ಅವರಿಗೆ ಹೇಗೆ ಗೊತ್ತಾಗಬೇಕು? ಅವಳು ತಲುಪುವ ಮೊದಲೇ ಅವರು ಬೀಗದ ಕೈ ತೋರಿಸಿದರು. ಅಧಿಕಾರಿ ಕಾಗದದ ಮೇಲೆ ಏನೋ ಬರೆಯಲು ಶುರು ಮಾಡಿದರು. 

ಅಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು. ಅಂಗೈಯಿಂದ ಮೇಜು ತಟ್ಟಿದಳು. “ಇಲ್ಲಿ ಅಲ್ಲ” ಎಂದಳು. ಎಲ್ಲರೂ ತಲೆ ಎತ್ತಿದರು. “ನನ್ನ ಕೆಲಸ... ಇಲ್ಲಿ ಅಲ್ಲ. ಬಸ್ಸಲ್ಲಿ. ಬನ್ನಿ.”

ಈ ಮಾತು ನಾವು ಯಾರೂ ಕಲಿಸಿದ್ದಲ್ಲ, ದೊಡ್ಡಮ್ಮ. ಯಾವ ಚೀಟಿಯಲ್ಲೂ ಇಲ್ಲ.

ಅಧಿಕಾರಿ, “ಅದೆಲ್ಲ ನಿಯಮದಲ್ಲಿ ಇಲ್ಲಮ್ಮ” ಎಂದರು. ವಯಸ್ಸಾದ ವೈದ್ಯರು ಕನ್ನಡಕ ತೆಗೆದು, “ಬೇಡ ಅಂತಾನೂ ಇಲ್ವಲ್ರೀ? ನಡೀರಿ” ಎಂದು ಎದ್ದೇಬಿಟ್ಟರು.

ಹನ್ನೊಂದೂಕಾಲಿನ ಹದಿನಾಲ್ಕನೇ ನಂಬರು ಡಿಪೋದಲ್ಲಿ ನಿಂತಿತ್ತು. ಆ ದಿನದ ಕಂಡಕ್ಟರ್ ಹುಡುಗಿ ತನ್ನ ಚೀಲವನ್ನು ಅಮ್ಮನ ಹೆಗಲಿಗೆ ಹಾಕಿ ಹಿಂದೆ ಹೋಗಿ ಕುಳಿತಳು. ಮಂಡಳಿಯವರೂ ಹತ್ತಿದರು. ಅಮ್ಮ ಕಂಬಿ ಹಿಡಿದುಕೊಂಡಳು, ಎರಡು ಸೀಟಿ ಊದಿದಳು. ಬಸ್ಸು ಗೇಟು ದಾಟುವ ಮೊದಲೇ ಅವಳ ಬೆನ್ನು ನೆಟ್ಟಗಾಯಿತು.

ಜನ ಹತ್ತಿದರು. “ಎರಡು ಡೈರಿ.” ಕೊಟ್ಟಳು. “ಅಕ್ಕಾ, ಶಾಲೆಯಿಂದ ಮಾರ್ಕೆಟ್ಟಿಗೆ ಒಂದು.” ಕೊಟ್ಟಳು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ಅಲುಗಲಿಲ್ಲ! ಡಿಪೋಗೆ ವಾಪಸ್ ಹೋಗುವ ಅಗತ್ಯವೇ ಇರಲಿಲ್ಲ. ರಸ್ತೆ ಕಿಟಕಿಯ ಹೊರಗೇ ಇತ್ತಲ್ಲ. ಎಲ್ಲಿದ್ದಾಳೋ ಅಲ್ಲಿಂದಲೇ ಹೊರಡುತ್ತಿದ್ದಳು.

ಬಟ್ಟೆ ಗಿರಣಿಯಲ್ಲಿ ದಪ್ಪ ಮೀಸೆಯವನೊಬ್ಬ ಹತ್ತಿ, ಮುಂಬಾಗಿಲ ಮೆಟ್ಟಿಲ ಮೇಲೇ ನೇತುಬಿದ್ದ. ಅಮ್ಮ ಸೀಟಿ ಊದಿದಳು. ಅವನು, “ಇಲ್ಲೇ ಮುಂದಿನ ಸ್ಟಾಪು ಕಣಕ್ಕೋ, ಬಿಡು” ಎಂದ. ಆಗ ಬಂತು ನೋಡಿ: “ನಿಂಗೆ ಮುಂದಿನ ಸ್ಟಾಪು, ನಿನ್ನ ಹೆಂಡ್ತಿಗೆ ದೊಡ್ಡಾಸ್ಪತ್ರೆ! ಒಳಗೆ ಬಾ! ಕೈಕಾಲು ಇದ್ರೆ ಮೀಸೆಗೆ ಬೆಲೆ!”

ಇಡೀ ಬಸ್ಸು ಗೊಳ್ಳೆಂದಿತು. ಮೀಸೆಯವನು ಒಳಗೆ ಬಂದ. ಚಿಕ್ಕ ವೈದ್ಯರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಅಮ್ಮ ಅದೇ ಓಘದಲ್ಲಿ ಹಿಂದಕ್ಕೆ ಬಂದು ಸಾರಿಗೆ ಅಧಿಕಾರಿಯ ಮುಂದೆ ನಿಂತಳು. “ಟಿಕೆಟ್?”

“ನಾವು... ನಾವು ಪರೀಕ್ಷೆಗೆ ಬಂದವರಮ್ಮ.”

“ಪಾಸ್ ಇದೆಯಾ? ಇಲ್ವಾ? ಹಾಗಾದ್ರೆ ಮೂರು ಟಿಕೆಟ್.”

ಮೂವರೂ ತೆಗೆದುಕೊಂಡರು, ದೊಡ್ಡಮ್ಮ. ವಯಸ್ಸಾದ ವೈದ್ಯರು ಟಿಕೆಟ್ಟಿನ ಹಿಂದೆಯೇ ‘ಕೆಲಸಕ್ಕೆ ಯೋಗ್ಯಳು’ ಎಂದು ಬರೆದು ಸಹಿ ಹಾಕಿ ಅಧಿಕಾರಿಯ ಕೈಗೆ ಕೊಟ್ಟು, “ಇದನ್ನ ದೊಡ್ಡ ಕಾಗದಕ್ಕೆ ಏರಿಸ್ಕೊಳ್ಳಿ, ನಾನು ಆಸ್ಪತ್ರೆಯಲ್ಲೇ ಇಳೀತೀನಿ” ಎಂದರು. ಸೋಮವಾರದಿಂದ ಡ್ಯೂಟಿ.

ಅಪ್ಪ ಅಮ್ಮನ ಸಮವಸ್ತ್ರದ ಸೊಂಟ ಬಿಗಿ ಮಾಡುತ್ತಾ ಕುಳಿತಿದ್ದಾನೆ, ಅವಳು ಇಳಿದುಹೋಗಿದ್ದಾಳಲ್ಲ. ಕಣ್ಣು ಒರೆಸಿಕೊಂಡು, ನೂಲಿನ ದೂಳು ಎನ್ನುತ್ತಾನೆ.

ನಿಮ್ಮ
ಗುಬ್ಬಿ


ಡಿಸೆಂಬರ್ 19

ಅಕ್ಕ,

ನಾನೇ ಬರೀತಿದೀನಿ. ಗುಬ್ಬಿ ಪಕ್ಕದಲ್ಲಿ ಇಲ್ಲ. ಒಂದು ಪುಟಕ್ಕೆ ಎರಡು ದಿನ ಹಿಡೀತು.

ಸೋಮವಾರ ಹೋದೆ. ಡ್ರೈವರು ಹಾರನ್ನು ಹೊಡೆದ. ಹಳೇ ಜನ ಎಲ್ಲ ಇದ್ದರು. ಡೈರಿ ಹತ್ತಿರ ಬಂತು. ಬಾಯಿ ತೆಗೆದೆ. ಬರಲಿಲ್ಲ. ಅವತ್ತಿನ ಥರಾನೇ. ಯಾರೂ ನಗಲಿಲ್ಲ. ಹಿಂದಿನ ಸೀಟಿಂದ ಒಬ್ಬಳು, “ಡೈರಿ!” ಅಂತ ಕೂಗಿದಳು. ಆಮೇಲೆ ಎಲ್ಲರೂ ಕೂಗಿದರು. ಡ್ರೈವರೂ ಕೂಗಿದ. ಬಸ್ಸು ನಿಂತಿತು, ಜನ ಇಳಿದರು. ನಾನು ಇನ್ನೂ ಬಾಯಿ ತೆಗೆದೇ ನಿಂತಿದ್ದೆ.

ಮಂಗಳವಾರವೂ ಅವರೇ ಕೂಗಿದರು. ಬುಧವಾರವೂ. ಅವರಿಗೆ ಅದು ಆಟ ಆಗಿಹೋಯಿತು. ಗಿರಣಿ ದಾಟಿದರೆ ಸಾಕು, ಎಲ್ಲ ಬಾಯಿ ಸರಿ ಮಾಡಿಕೊಂಡು ಕಾಯೋರು.

ನೀನು ಕೇಳದೇ ಬಿಟ್ಟ ಅರ್ಧ ಮಾತು ನೆನಪಿದೆ. ಅದನ್ನ ಕಾಗದದಲ್ಲಿ ಬರೆಯಲ್ಲ. ನೀನು ಬಂದು ಎದುರಿಗೆ ಕೂತ್ಕೋ, ಹೇಳ್ತೀನಿ. ಪೂರ್ತಿ ಹೇಳೋತನಕ ಎದ್ದು ಹೋಗಬಾರದು.

ಇವತ್ತು ಗುರುವಾರ. ಗಿರಣಿ ದಾಟಿತು. ಎಲ್ಲ ನನ್ನ ಕಡೆ ನೋಡಿದರು. ಅವರು ಉಸಿರು ಎಳೆದುಕೊಳ್ಳೋ ಅಷ್ಟರಲ್ಲಿ ನಾನೇ ಕೂಗಿಬಿಟ್ಟೆ.

ನಿನ್ನ ತಂಗಿ
ಕಂಡಕ್ಟರ್, ಹದಿನಾಲ್ಕನೇ ನಂಬರು